ಗೇಟಿನ ಮುಂದ ನಿಂತ ಚಂದ್ರ್ಯಾ

ದಸ್ತಗೀರ ಕಾಕಾ,

ಸ್ವಲ್ಪ ಸರಿದು ಕುಂದ್ರು, ನಾ ಬಂದ್ನಿ. ದಿನಾ ಮುಂಜಾನೆ ಟಾಂಗಾ ಹತ್ತುವಾಗ ನಾ ನಿನಗ ಹೇಳ್ತಿದ್ದ ಮೊದಲನೇ ಮಾತು ಇದ ಅಲ್ಲೇನು? ಪತ್ರಾ ಹೆಂಗ ಚಾಲೂ ಮಾಡ್ಲಿ ಅಂತ ಕುಂತು ಕುಂತು ಸಾಕಾತು, ಕಡೀಕ ಇದ ಬಾಯಿಗೆ ಬಂತು. ನಿನಗ ಓದಾಕ ಬರ್ತಿರಲಿಲ್ಲ, ಗೊತ್ತೈತಿ. ಆದ್ರ ಗಿರಾಕಿ ಇಲ್ಲದಾಗ ನಿನಗ ಪೇಪರ್ ಓದಿ ಹೇಳಾಕಿ ನಾನ ಇದ್ನಿ. ಇದನ್ನೂ ನಾನ ಓದಾಕತ್ತೇನಿ ಅಂತ ತಿಳಕೋ. ಒಂದು ಸುದ್ದಿ ಐತಿ ಕಾಕಾ. ದೊಡ್ಡ ಸುದ್ದಿ. ಆದ್ರ ಈಗ ಹೇಳಂಗಿಲ್ಲ. ನಾ ಏನ ಕೇಳಿದ್ರೂ "ತಡಿ ಬೇಟಾ, ಮೊದಲ ಚಹಾ ಕುಡಿಯೂಣು" ಅಂತ ಎಷ್ಟ ಸತಾಯಿಸೀದಿ! ಈಗ ನನ್ನ ಪಾಳಿ. ನೀ ತಡಿ.

ನಾ ಮೊದಲನೇ ಸಲ ನಿನ್ನ ಟಾಂಗಾ ಹತ್ತಿದ್ದು ನೆನಪೈತೇನು? ಶಹಾಪುರದಾಗ ನಮ್ಮ ಅಪ್ಪನ ಸೀರಿ ಅಂಗಡಿ, ಅದರ ಮ್ಯಾಲ ನಮ್ಮ ಮನಿ. ಸಾಲಿ ಮಾತ್ರ ರೈಲ್ವೆ ಗೇಟ್ ದಾಟಿ ಟಿಳಕವಾಡ್ಯಾಗ. ಓಣಿ ಹುಡುಗೋರನೆಲ್ಲಾ ತುಂಬಿಕೊಂಡು ಹೋಗಾಂವ ನೀ. ಎಲ್ಲಾರೂ ಹಿಂದ ಒಬ್ಬರ ತೊಡಿ ಮ್ಯಾಲ ಒಬ್ಬರು ಕುಂತ್ರ ನಾ ಮಾತ್ರ ಮುಂದ, ನಿನ್ನ ಬಾಜೂಕ. ಹಿಂದ ಕುಂದ್ರು ಅಂದ್ರ ಓಣಿ ಕೂಡೂ ಹಂಗ ಅಳತಿದ್ನಿ. ನನಗ ಕುದರಿ ಕಿವಿ ಕಾಣಬೇಕಿತ್ತು. ಅವ್ವ ಬಾಗಲದಾಗ ನಿಂತು, "ಪದ್ಮಾವತಿ, ಹಿರ್ಯಾರಿಗೆ ರೀ ಹಚ್ಚಿ ಮಾತಾಡು" ಅಂತ ಗದರಿಸಿದ್ಲು. "ಕಾಕಾರೀ, ಸ್ವಲ್ಪ ಸರೀರಿ" ಅಂದ್ನಿ. ನೀ ಮೀಸಿ ಒಳಗ ನಕ್ಕೋಂತ, "ರೀ ಗೀ ಅಂದ್ರ ಹಿಂದ ಒಗೀತೇನಿ ನೋಡು ಪದ್ದಿ" ಅಂದಿ. ಅವತ್ತಿಂದ ನೀ ನನಗ 'ನೀ'ನ ಆದಿ. ಅವ್ವಗ ಇವತ್ತಿಗೂ ಅದು ಸೇರಂಗಿಲ್ಲ.

ಆಮ್ಯಾಲ ಚಂದ್ರ್ಯಾ. ಕೆಂಚು ಮೈ, ಹಣಿ ಮ್ಯಾಲ ಅರ್ಧಚಂದ್ರದಂಥಾ ಬಿಳಿ ಗುರ್ತು, ಸಾವಕಾರನ ನಡಿಗಿ. ರೈಲ್ವೆ ಗೇಟಿನ ಕೆಂಪು-ಬಿಳಿ ಪಟ್ಟಿ ಕೋಲು ಕೆಳಗ ಇಳೀತು ಅಂದ್ರ ಸಾಕು, ನೀ ಲಗಾಮ ಮುಟ್ಟೂದ ಬ್ಯಾಡ, ಅಂವ ತಾನ ಹೋಗಿ ಕೋಲಿನ ಮುಂದ ಗಪ್ ಅಂತ ನಿಂದರ್ತಿದ್ದ. ಅದು ಖರೇ ಹೇಳಬೇಕಂದ್ರ ಎಲ್ಲಾ ಕುದರೀನೂ ನಿಂದರ್ತಾವ. ನಮ್ಮ ಚಂದ್ರ್ಯಾನ ಚಾಳಿ ಬ್ಯಾರೇನ. ರೈಲು ಹೋಗಿ ಕೋಲು ಮ್ಯಾಲ ಎದ್ದ ಮ್ಯಾಲೂ ಅಂವ ನಡೀತಿರಲಿಲ್ಲ! ಹಿಂದ ಸ್ಕೂಟರಿನವರು ಪೀ ಪೀ ಅಂತ ಹಾರ್ನ್ ಹೊಡದು ಹೊಡದು ಸಾಯ್ತಿದ್ರು. ನೀ ಬೀಡಿ ಆರಿಸಿ, ಎಡಕ್ಕ ಬಲಕ್ಕ ಹಳಿ ನೋಡಿ, ಗಂಟಲ ಸರಿ ಮಾಡಿಕೊಂಡು, "ಗಾಡಿ ಹೋತು, ನಡಿ!" ಅಂತ ಕೂಗಬೇಕು. ಆವಾಗ ಹೊಂಡ್ತಿದ್ದ. ಹೊಸದಾಗಿ ಟಾಂಗಾಕ್ಕ ಕಟ್ಟಿದಾಗ ಒಮ್ಮೆ ಕೋಲು ಎದ್ದ ಕೂಡ್ಲೇ ಓಡಿ, ಇಂಜಿನ್ ಸೀಟಿ ಕೇಳಿ ಬೆದರಿ ಟಾಂಗಾ ಕೆಡವಿದ್ನಂತ. ಅದಕ್ಕ ನೀ ಅವಗ ಕಲಿಸಿದ್ದಿ: ಕೋಲು ಏಳಲಿ ಬಿಡಲಿ, ನನ್ನ ಮಾತು ಬರೂತನಕ ಕಾಲು ಎತ್ತಬ್ಯಾಡ. ನಾವು ಹುಡುಗೋರು ಹಿಂದಿಂದ ಎಷ್ಟ ಸಲ ಕೂಗಿ ನೋಡೀವಿ, ಕಿವೀನೂ ಅಳ್ಳಾಡಸ್ತಿರಲಿಲ್ಲ ಹಲ್ಕಟ್. ನಿನ್ನ ಧ್ವನೀನ ಬೇಕಾಗಿತ್ತು ಅವಗ.

ಒಲಿಂಪಿಕ್ಸ್ ಅನ್ನೂ ಹುಚ್ಚು ನನಗ ಹತ್ತಿದ್ದು ಅಪ್ಪನ ಅಂಗಡ್ಯಾಗಿನ ಸಣ್ಣ ಟಿವಿಯಿಂದ. ಗಿರಾಕಿ ಇರಲಿಲ್ಲ, ಅಪ್ಪ ಸುಮ್ನ ಹಚ್ಚಿ ಕುಂತಿದ್ದ. ಕರೇ ಕೋಟು ಹಾಕ್ಕೊಂಡ ಹೆಣ್ಣಮಗಳೊಬ್ಬಾಕಿ ಕುದರಿ ಮ್ಯಾಲ ಕುಂತು ಒಂದಾದ ಮ್ಯಾಲ ಒಂದು ಕೋಲು ದಾಟಿಸಾಕತ್ತಿದ್ಲು. ಅಷ್ಟ ದೊಡ್ಡ ಪ್ರಾಣಿ ಮುಂಗಾಲು ಮಡಚಿಕೊಂಡು ಮ್ಯಾಲ ಏಳೂದು ನೋಡಿ ನನ್ನ ಕೈಯಾಗಿನ ಚುರಮುರಿ ಕೈಯಾಗ ಉಳೀತು. "ಅಪ್ಪಾ, ನಾನೂ ಅಲ್ಲಿಗೆ ಹೋಗ್ತೇನಿ" ಅಂದ್ನಿ. ಅಪ್ಪ, "ಮೊದಲ ಸೈಕಲ್ ಮ್ಯಾಲಿಂದ ಬೀಳದಂಗ ಹೊಡಿಯೂದು ಕಲಿ" ಅಂದ. ಸಾಲ್ಯಾಗ ಹೇಳಿದ್ನಿ, ಇಡೀ ವರ್ಗಾ ನಕ್ತು. ಮರುದಿನ ಟಾಂಗಾದಾಗ ನಿನಗ ಹೇಳಿದ್ನಿ. ನೀ ನಗಲಿಲ್ಲ. ಚಂದ್ರ್ಯಾನ ನಡಿಗಿ ಸಾವಕಾಶ ಮಾಡಿಸಿ, "ಆ ಕುದರಿ ಏನ ತಿಂತಾವ?" ಅಂತ ಕೇಳಿದಿ. ಗೊತ್ತಿಲ್ಲ ಅಂದ್ನಿ. "ಗಂಡಸರ ಆಟ ಬ್ಯಾರೆ, ಹೆಂಗಸರ ಆಟ ಬ್ಯಾರೆ ಇರತೈತೇನು?" ಅಂದಿ. ಇಲ್ಲ ಕಾಕಾ, ಎಲ್ಲಾರೂ ಕೂಡೇ ಆಡ್ತಾರ ಅಂದ್ನಿ. "ಯಾ ಅಲ್ಲಾ! ಹಂಗಾರ ನಿನಗ್ಯಾರ ಅಡ್ಡ ಬರ್ತಾರ? ಹೋಗಿ ಬಾ" ಅಂದಿ. ಹೋಗಿ ಬಾ ಅಂತ! ಖಡೇಬಜಾರಕ್ಕ ಹೋಗಿ ಕೊತಂಬರಿ ತಂದಂಗ! ಇಡೀ ಬೆಳಗಾವ್ಯಾಗ ನನ್ನ ಮಾತಿಗೆ ನಗದ ಇದ್ದಾಂವ ನೀ ಒಬ್ಬನ ಕಾಕಾ.

ಆಟೋ ಬಂದುವು, ಟೆಂಪೋ ಬಂದುವು, ಟಾಂಗಾ ಸ್ಟ್ಯಾಂಡಿನ್ಯಾಗ ಕುದರಿಗಿಂತಾ ನೊಣ ಜಾಸ್ತಿ ಆದುವು. ನೀ ಚಂದ್ರ್ಯಾನ ಹಿಡಕೊಂಡು ಖಾನಾಪುರಕ್ಕ ಹೋಗಿಬಿಟ್ಟಿ, ಮಲಪ್ರಭಾ ದಂಡೀಗಿರೂ ನಿಮ್ಮ ಅಕ್ಕನ ಹೊಲಕ್ಕ. ನಾನೂ ರವಿವಾರಕ್ಕೊಮ್ಮೆ ಅಲ್ಲಿಗೆ ಹೋಗ್ತೇನಿ ಅಂತ ಹಟಾ ಹಿಡದ್ನಿ. ಅಪ್ಪ ಒಲ್ಲೆ ಅಂದ. ನಾ ಊಟ ಬಿಟ್ನಿ. ಆದ್ರ ನಮ್ಮಂಥಾ ಜೈನರ ಮನ್ಯಾಗ ಉಪವಾಸ ಕುಂತಾಕಿನ್ನ ಯಾರರ ಬೈತಾರೇನು? ನಮ್ಮ ಅಜ್ಜಿ, "ಹುಡಗಿಗೆ ಈ ವಯಸ್ಸಿನ್ಯಾಗ ಎಂಥಾ ವೈರಾಗ್ಯ ಬಂತು!" ಅಂತ ಕೈಮುಗದು, ಬಾಜೂ ಮನಿಯವರನ್ನ ಕರದು ತೋರಿಸಾಕ ಚಾಲೂ ಮಾಡಿದ್ಲು. ನನ್ನ ಹೊಟ್ಟಿ ಕೂಗೂದು ಅಪ್ಪಗ ಮಾತ್ರ ಕೇಳಿಸ್ತು. ಕಡೀಕ ಒಪ್ಪಿದ. ಒಂದ ಶರತ್ತು, ಹೊತ್ತು ಮುಳುಗೂದ್ರಾಗ ಊಟ ಆಗಬೇಕು. ನಮ್ಮವ್ವನಕಿಂತಾ ಬಿಗಿಯಾಗಿ ಆ ಶರತ್ತು ಪಾಲಿಸಿದಾಂವ ನೀ. ನಾ ಕುದರಿ ಮ್ಯಾಲ ಮೈಮರತು ಕುಂತಿದ್ರ, ನೀ ಹೊಳಿ ಆಚಿಕಡೆ ಸೂರ್ಯನ್ನ ನೋಡಿ, "ಪದ್ದಿ, ಇಳಿ. ಡಬ್ಬಿ ಬಿಚ್ಚು" ಅಂತಿದ್ದಿ. ನಾ ಭಕ್ರಿ ತಿಂದು ಮುಗಿಸೂತನಕ ಸೂರ್ಯನ ಕಾವಲು ಕುಂತಂಗ ಪಶ್ಚಿಮಕ್ಕ ಮುಖಾ ಮಾಡಿ ಕುಂದರ್ತಿದ್ದಿ.

ಜಿಗಿಯೂದು ನಮಗ್ಯಾರ ಕಲಿಸಿದ್ರು ಹೇಳು? ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಚಂದ್ರ್ಯಾಗಂತೂ ಮೊದಲ ಗೊತ್ತಿಲ್ಲ. ಹುಟ್ಟಿದಾಗಿಂದ ಟಾಂಗಾ ಎಳದಾಂವ, ಬೆನ್ನ ಮ್ಯಾಲ ಜೀನು ಹಾಕಿದ ದಿನ ಹಿಂದ ತಿರುಗಿ ತಿರುಗಿ ನೋಡ್ತಿದ್ದ, ಟಾಂಗಾ ಎಲ್ಲಿ ಹೋತಪಾ ಅಂತ. ನಾ ಗ್ರಂಥಾಲಯದಿಂದ ಚಿತ್ರದ ಪುಸ್ತಕ ತರ್ತಿದ್ನಿ, ನೀ ಚಿತ್ರಾ ನೋಡಿ, "ಮೊಣಕಾಲು ಹಿಂಗ ಐತಿ ನೋಡು, ನಿಂದು ಹಂಗ ಐತಿ" ಅಂತಿದ್ದಿ. ಎಷ್ಟ ಸಲ ಬಿದ್ನಿ! ಭತ್ತಾ ಕೊಯ್ದ ಗದ್ದ್ಯಾಗ ಬಿದ್ರ ಕೂಳಿ ಚುಚ್ಚತಾವ, ಕೊಯ್ಯೂದ್ರಾಗ ಬಿದ್ರ ನಿಮ್ಮ ಅಕ್ಕ ಬೈತಾಳ. ಒಂದಿನ ನೀರಿನ ಕಾಲವಿ ಅಡ್ಡ ಬಂತು, ಚಂದ್ರ್ಯಾ ಬಗ್ಗಿ ಮೂಸಿ ನೋಡಿ, ಟಣ್ ಅಂತ ಜಿಗದುಬಿಟ್ಟ. ನಾ ಅವನ ಕೊಳ್ಳಿಗೆ ಜೋತು ಬಿದ್ದಿದ್ನಿ. ನೀ ಈಚಿಕಡೆ ನಿಂತು ತಲೀ ಮ್ಯಾಲಿನ ಟೊಪ್ಪಗಿ ಹಾರಿಸಿ ಕುಣದಿ. ಆಮ್ಯಾಲ ಎರಡು ಡ್ರಮ್ ಮ್ಯಾಲ ಬಿದರಕೋಲ ಇಟ್ವಿ. ಟಿವಿಯೊಳಗಿನ ಹಂಗ ಚಂದ ಕಾಣಲಿ ಅಂತ ಆ ಬಿದರಿಗೆ ನೀ ಸುಣ್ಣ ಬಳದಿ. ಸುಣ್ಣ ಅಷ್ಟ ಬಳದಿ ಕಾಕಾ, ಕೆಮ್ಮಣ್ಣು ಬಳೀಲಿಲ್ಲ. ಅದ ನಮ್ಮ ಕತಿ ಆತು, ಮುಂದ ಬರ್ತೇನಿ.

ಪದಕದ ಆಟ ಮರತಿಲ್ಲ ಹೌದಲ್ಲೋ? ಚಲೋ ಜಿಗದ ದಿನ ನೀ ಮಣ್ಣು ಹೊರೂ ಕಬ್ಬಿಣದ ಘಮೇಲಾ ಬೋರಲು ಹಾಕಿ, ಅದರ ಮ್ಯಾಲ ನನ್ನ ನಿಂದ್ರಿಸಿ, ಚಂದ್ರ್ಯಾನ ಕೊಳ್ಳಿನ ಗೆಜ್ಜಿಸರಾ ಬಿಚ್ಚಿ ನನ್ನ ಕೊಳ್ಳಾಗ ಹಾಕ್ತಿದ್ದಿ. ಆಮ್ಯಾಲ ಸೆಟದು ನಿಂತು ಜನಗಣಮನ ಹಾಡ್ತಿದ್ದಿ. ಅರ್ಧಾ ರಾಗ ನಮಾಜಿಂದು, ಅರ್ಧಾ ಬೀದಿ ನಾಟಕದ್ದು. ನನಗ ನಗು ಬಂದ್ರ, "ನಗಬ್ಯಾಡ. ಅಲ್ಲಿ ಹಿಂಗ ಹಲ್ಲ ಕಿಸದು ನಿಂತ್ರ ಮಂದಿ ಏನಂದಾರು?" ಅಂತ ಕಣ್ಣ ಬಿಡ್ತಿದ್ದಿ. ಬಾಜೂ ರಸ್ತಾದಾಗ ಹೋಗೂ ಜಾಂಬೋಟಿ ಬಸ್ಸಿನ್ಯಾಗಿನ ಮಂದಿ ಖಿಡಕಿಯಿಂದ ಬಗ್ಗಿ ಬಗ್ಗಿ ನೋಡ್ತಿದ್ರು. ಗದ್ದ್ಯಾಗ ಘಮೇಲಾ ಮ್ಯಾಲ ನಿಂತ ಹುಡಗಿ, ಎದುರಿಗೆ ಟೊಪ್ಪಗಿ ತಗದು ನಿಂತ ಮುದುಕ, ಬಾಜೂಕ ಕುದರಿ. ನಮಗೇನ ನಾಚಿಕಿ? ನಾವು ಒಲಿಂಪಿಕ್ಸ್‌ದಾಗ ಇದ್ವಿ.

ಇನ್ನ ಆ ದಿನದ್ದು ಹೇಳಲೇಬೇಕು. ನೀ ಎದ್ದು ಹೋಗಬ್ಯಾಡ, ಕುಂದ್ರು. ಕ್ಯಾಂಪಿನ ಮೈದಾನದಾಗ ಹೊರಗಿನ ಒಂದು ಕ್ಲಬ್ಬಿನವರು ಸ್ಪರ್ಧಾ ಇಟ್ಟಿದ್ರು. ಚಲೋ ಮಾಡಿದ ಹುಡುಗೋರನ್ನ ದೊಡ್ಡ ತರಬೇತಿಗೆ ಆರಿಸ್ತಾರ, ಅಲ್ಲಿಂದನ ಮುಂದ ದೇಶದ ತಂಡ ಅಂತ ಹೇಳಿದ್ರು. ನಾ ಆವಾಗ ಹತ್ತನೇತ್ತಾ ಮುಗಿಸಿದ್ನಿ. ಎಲ್ಲಾ ಮಿರಿ ಮಿರಿ ಮಿಂಚೂ ಕುದರಿ, ಅದರ ನಡುವ ನಮ್ಮ ಚಂದ್ರ್ಯಾ. ಅಪ್ಪನೂ ಅಂಗಡಿ ಮುಚ್ಚಿ ಬಂದಿದ್ದ. ನೀ ಹಗ್ಗದ ಆಚೆ ಕೊರಳಿಗೆ ಹೊಸಾ ರುಮಾಲು ಸುತ್ತಿಕೊಂಡು ನಿಂತಿದ್ದಿ. ಮೊದಲನೇ ಕೋಲು ಹಸರು, ದಾಟಿದ್ವಿ. ಎರಡನೇದ್ದು ನೀಲಿ, ದಾಟಿದ್ವಿ. ನನ್ನ ಎದಿ ಹಿಗ್ಗಿ ಹೀರೀಕಾಯಿ ಆಗಿತ್ತು. ತಿರುವಿನ್ಯಾಗ ಹೊಳ್ಳಿದ್ವಿ. ಎದುರಿಗೆ ಕೆಂಪು-ಬಿಳಿ ಪಟ್ಟಿ ಕೋಲು.

ಚಂದ್ರ್ಯಾ ಗಪ್ ಅಂತ ನಿಂತ.

ಬೆದರಲಿಲ್ಲ, ಒದರಲಿಲ್ಲ. ಮರ್ಯಾದಸ್ಥರ ಹಂಗ ಕೋಲಿನ ಮುಂದ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ, ರೈಲು ಯಾ ಕಡಿಂದ ಬರತೈತಿ ಅಂತ. ಮಂದಿ ಹೋ ಅಂತ ನಕ್ರು. ನನಗ ತಿಳೀಲೇ ಇಲ್ಲ ಕಾಕಾ, ಅಂಜ್ಯಾನ ಅಂತ ತಿಳಕೊಂಡು ಹಿಮ್ಮಡ ಒತ್ತಿದ್ನಿ, ಕೊಳ್ಳು ಸವರಿದ್ನಿ. ಸುತ್ತು ಹಾಕಿ ಮತ್ತ ಕರಕೊಂಡು ಬಂದ್ನಿ, ಮತ್ತ ನಿಂತ. ಇನ್ನೊಮ್ಮೆ ನಿಂತ್ರ ಆಟ ಮುಗೀತು. ಮೂರನೇ ಸಲ ಬರೂಮುಂದ ಅವನ ನಡಿಗಿ ಸಡ್ಲ ಆಗೂದು ತೊಡಿಗೆ ತಿಳೀತು, ನನ್ನ ಕಣ್ಣಾಗ ನೀರ ಬಂತು. ಅಷ್ಟರಾಗ ಹಗ್ಗದ ಆಚಿಂದ, ಆ ಕೋಟು ಟೈ ಮಂದಿ ನಡುವಿಂದ, ಟಿಳಕವಾಡಿ ಗೇಟಿನ್ಯಾಗ ಕೂಗಿದಂಗ ನಿನ್ನ ಧ್ವನಿ: "ಗಾಡಿ ಹೋತು, ನಡಿ!"

ಅಂವ ಎದ್ದ ನೋಡು. ಅಷ್ಟ ಎತ್ತರಕ್ಕ ಅಂವ ಎಂದೂ ಎದ್ದಿರಲಿಲ್ಲ, ನಾನೂ ಎದ್ದಿರಲಿಲ್ಲ. ಕೋಲು ಎಲ್ಲೋ ಕೆಳಗ ಉಳೀತು. ಗಾಳಿಯಾಗ ಇದ್ದಷ್ಟು ಹೊತ್ತು ನನಗ ಯಾವ ಸಪ್ಪಳಾನೂ ಕೇಳಲಿಲ್ಲ. ಕೆಳಗ ಇಳದ ಮ್ಯಾಲ ಗಂಟಿ ಕೇಳಿಸ್ತು. ಆಟದಿಂದ ಹೊರಗ. ಬಿಳೀ ಮೀಸಿ ತೀರ್ಪುಗಾರರು ತಾವ ನನ್ನ ಹತ್ರ ನಡಕೊಂಡು ಬಂದು, "ಜಿಗಿತ ಭಾಳ ಚೆನ್ನಾಗಿತ್ತಮ್ಮಾ. ಆದ್ರ ಹೊರಗಿನವರು ಕೂಗಿ ಸಹಾಯ ಮಾಡೂ ಹಂಗಿಲ್ಲ, ಅದು ನಿಯಮ" ಅಂದ್ರು. ಅವರದೇನೂ ತಪ್ಪಿಲ್ಲ. ನಿಯಮ ಅಂದ್ರ ನಿಯಮ. ಆದ್ರ ನಾ ಹಗ್ಗದ ಕಡೆ ನೋಡಿದಾಗ ನೀ ಆ ಹೊಸಾ ರುಮಾಲಿನ ತುದಿ ಬಾಯಾಗ ತುರಕಿಕೊಂಡು ನಿಂತಿದ್ದಿ. ಆ ನಿನ್ನ ಮುಖಾ ನೋಡಿ ನನಗ ಹೊರಗ ಬಿದ್ದದ್ದಕ್ಕಿಂತಾ ಜಾಸ್ತಿ ಸಂಕಟ ಆತು.

ಅಲ್ಲಿಂದ ನೀ ಹಿಡದಿದ್ದು ಒಂದ ರಾಗ. "ನನ್ನ ಬಾಯಿಗೆ ಬೆಂಕಿ ಹಾಕ. ಹುಡಗಿ ಒಲಿಂಪಿಕ್ಸಿಗೆ ಹೊಂಟಿದ್ಲು, ನಾ ಅಡ್ಡ ಬಂದ್ನಿ." ನಾ ಎಷ್ಟ ಹೇಳಿದ್ನಿ! ನೀ ಕೂಗದಿದ್ರ ಅಂವ ಮೂರನೇ ಸಲಾನೂ ನಿಂದರ್ತಿದ್ದ, ಹೆಂಗಿದ್ರೂ ಹೊರಗ ಬೀಳ್ತಿದ್ನಿ, ನೀ ಕೂಗಿದ್ದಕ್ಕ ಆ ಜಿಗಿತಾರ ಸಿಕ್ತು ಅಂತ. ನೀ ಕೇಳಿದ್ರಲಾ? "ಸಮಾಧಾನಕ್ಕ ಹೇಳ್ತಿ ಬೇಟಾ" ಅಂತಿದ್ದಿ. ನಾ ಡಿಪ್ಲೊಮಾ ಓದಿ ಉದ್ಯಮಬಾಗದ ಎರಕದ ಕಾರ್ಖಾನ್ಯಾಗ ಕೆಲಸಕ್ಕ ಸೇರಿ ಪೇಢಾ ತಂದ್ರ, "ಒಲಿಂಪಿಕ್ಸಿಗೆ ಹೋಗಾಕಿ ಫೌಂಡ್ರಿಗೆ ಹೋದ್ಲು, ನನ್ನಿಂದ" ಅಂದಿ. ನನ್ನ ಲಗ್ನದಾಗ ಮುಂದ ಬಾ ಅಂತ ಎಷ್ಟ ಕರದ್ರೂ ಹಿಂದಿನ ಖುರ್ಚಿ ಬಿಟ್ಟು ಏಳಲಿಲ್ಲ. ಚಂದ್ರ್ಯಾ ಸತ್ತಾಗ ಮಣ್ಣು ಕೊಟ್ಟು ಕುಂತಾಗೂ ಅದ ಮಾತು. ಹಟಮಾರಿ ಮುದುಕ! ನನಗ ಎಷ್ಟ ಸಿಟ್ಟು ಬರ್ತಿತ್ತು ಗೊತ್ತೈತೇನು? ನನ್ನ ಇಡೀ ಬಾಲ್ಯದಾಗ ಹೆಚ್ಚು ಖುಷಿ ಕೊಟ್ಟ ಮನಿಷ್ಯಾ, ತಾನ ಅದನ್ನೆಲ್ಲಾ ಕೆಡಿಸಿದ್ನಿ ಅಂತ ಕುಂತಿದ್ದ.

ಕಡೀ ಸಲ ನಿನ್ನ ನೋಡಾಕ ಬಂದಾಗ ನೀ ಹೊರಸಿನ ಮ್ಯಾಲ ಮಲಗಿದ್ದಿ. ಕೈ ಹಿಡದು, "ಅವತ್ತ ನಾ ಸುಮ್ನ ಇದ್ದಿದ್ರ ನೀ ಈಗ ಎಲ್ಲಿರ್ತಿದ್ದಿ ಪದ್ದಿ?" ಅಂದಿ. "ಇಲ್ಲೇ ಇರ್ತಿದ್ನಿ ಕಾಕಾ, ನಿನ್ನ ಬಾಜೂಕ" ಅಂದ್ನಿ. ಖರೇನ ಹೇಳಿದ್ನಿ. ನೀ ಮಾರಿ ಗ್ವಾಡಿ ಕಡೆ ತಿರುವಿದಿ. ಅದ ವಾರ ನೀ ಹೋದಿ. ನಿನಗ ನಂಬಿಸೂದು ನನಗ ಆಗಲೇ ಇಲ್ಲಲಾ ಅಂತ...

ಇರಲಿ. ಅತ್ತು ಮುಗಿಸೇನಿ, ಈಗ ಚಲೋ ಮಾತು ಕೇಳು.

ನೀ ಹೋದ ಮರುವರ್ಷ ನಿಮ್ಮ ಅಕ್ಕನ ಮಗ ಮೌಲಾಲಿ, "ಪದ್ದಕ್ಕಾ, ಹೊಳಿ ದಂಡಿ ಹೊಲಾ ಖಾಲಿ ಬಿದ್ದೈತಿ, ಕುದರಿ ತರ್ರಿ" ಅಂದ. ಕ್ಲಬ್ಬಿನವರು ವಯಸ್ಸಾತು ಅಂತ ಬಿಟ್ಟ ಎರಡು ಕುದರಿ ತಂದು ಹುಡುಗೋರಿಗೆ ಸವಾರಿ ಕಲಸಾಕ ಚಾಲೂ ಮಾಡಿದ್ನಿ. ವಾರೆಲ್ಲಾ ಉದ್ಯಮಬಾಗದಾಗ ಡ್ರಾಯಿಂಗು, ಶನಿವಾರ-ರವಿವಾರ ಖಾನಾಪುರದಾಗ ಲದ್ದಿ. ನನ್ನ ಗಂಡ, "ಮೈಗೆ ಕುದರಿ ವಾಸನಿ ಬರೂ ದಿನ ನೀ ನಗತಿ" ಅಂತಾನ. ಕೋಲಿನ ಸ್ಟ್ಯಾಂಡು ನಮ್ಮ ಕಾರ್ಖಾನಿ ವೆಲ್ಡರ್ ಕಡಿಂದನ ಮಾಡಿಸಿದ್ನಿ. ಕಾಲು ತಾಗಿದ್ರ ಕೋಲು ಬೀಳಬೇಕಪಾ ಅಂದ್ರ, ಅಂವ ಹಣಿ ಬಡಕೊಂಡು, "ಮೇಡಮ್ಮಾರ, ಜಲ್ಮದಾಗ ಬೀಳದಂಗ ಕುಂದ್ರಸೂದ ಕಲತೇನ್ರಿ, ಬೀಳೂ ಹಂಗ ಮಾಡ್ರಿ ಅನ್ನಾವ್ರು ನೀವ ಮೊದಲನೇದವ್ರು" ಅಂದ. ಮತ್ತ ಕೋಲಿಗೆ ಬಣ್ಣ ಯಾವುದು ಹೇಳು? ಎಲ್ಲಾ ಕೆಂಪು-ಬಿಳಿ! ಒಂದೂ ಬಿಟ್ಟಿಲ್ಲ. ನಮ್ಮ ಕುದರಿ ದಿನಾ ಗೇಟ್ ನೋಡಿಕೊಂಡ ಪಳಗಬೇಕು ಅಂತ ಹಟಾ ನಂದು.

ಇಲ್ಲಿ ಒಂದು ಮಜಾ ಆಗೇತಿ. ಜಿಗಿಸೂಮುಂದ ನಾ ನನಗ ಗೊತ್ತಿಲ್ಲದಂಗ "ಗಾಡಿ ಹೋತು, ನಡಿ" ಅಂತಿದ್ನಂತ. ನಾ ಯಾರಿಗೂ ಕಲಿಸಿಲ್ಲ, ಕತೀನೂ ಹೇಳಿಲ್ಲ. ಹುಡುಗೋರು ನನ್ನ ಬಾಯಿಂದ ಎತ್ತಿಕೊಂಡ್ರು. ಈಗ ಎಲ್ಲಾರೂ ಕುದರಿ ಕಿವ್ಯಾಗ ಅದನ್ನ ಹೇಳಿ ಜಿಗಿಸ್ತಾರ. ಮನ್ಯಾಗ ಬರೇ ಮರಾಠಿ ಮಾತಾಡೂ ಹುಡುಗೋರೂ ಇದೊಂದು ಮಾತು ಮಾತ್ರ ನಿನ್ನಂಗ ಕನ್ನಡದಾಗ ಅಂತಾವ. ಅವರ ಪಾಲಿಗೆ ಅದು ಕುದರಿ ಭಾಷಾ.

ಅದರಾಗ ಸಾನಿಕಾ ಅಂತ ಒಬ್ಬಾಕಿ ಇದ್ದಾಳ. ಖಾನಾಪುರದ ಹಂಚಿನ ಭಟ್ಟಿಯವರ ಮಗಳು. ಬಿದ್ರ ಅಳಂಗಿಲ್ಲ, ಎದ್ದು ಕುದರೀನ ಬೈತಾಳ, ಆಮ್ಯಾಲ ಕುದರಿ ಹತ್ರ ಮಾಫಿ ಕೇಳ್ತಾಳ. ಮೊದಲನೇ ದಿನನ ನನ್ನ ಮುಂದ ನಿಂತು, "ಮ್ಯಾಡಮ್, ಒಲಿಂಪಿಕ್ಸಿಗೆ ಹೆಂಗ ಹೋಗಬೇಕ್ರಿ?" ಅಂತ ಕೇಳಿದ್ಲು. ಆ ಅಂಗಳದಾಗ ನಿಂತವರೆಲ್ಲಾ ನಕ್ರು ಕಾಕಾ. ನಾ ನಗಲಿಲ್ಲ. ನಾ ಏನ ಅಂದಿರಬಹುದು ಹೇಳು ನೋಡೂಣು? "ಯಾರ ಅಡ್ಡ ಬರ್ತಾರ? ಹೋಗಿ ಬಾ" ಅಂದ್ನಿ.

ಹೋದ ತಿಂಗಳ ಕಿರಿಯರ ರಾಷ್ಟ್ರಮಟ್ಟದ ಸ್ಪರ್ಧಾ ಇತ್ತು. ಆ ಎರಡರಾಗಿನ ಕಂದು ಕುದರಿ ತಾರಾನ್ನ ಟ್ರಕ್ಕಿನ್ಯಾಗ ಹೇರಿಕೊಂಡು ನಾ, ಸಾನಿಕಾ, ಮೌಲಾಲಿ ಹೋದ್ವಿ. ಅದ ಮಿರಿ ಮಿರಿ ಕುದರಿ, ಅದ ಹಗ್ಗ, ಅದ ಕೋಟು ಟೈ ಮಂದಿ. ನಾ ತಾರಾನ ಜೀನಿನ ಪಟ್ಟಿ ಮೂರ ಸಲ ಬಿಗದು ಮೂರ ಸಲ ಸಡ್ಲಿಸಿದ್ನಿ. ಅದನ್ನ ನೋಡಿ ಆ ಹುಡಗೀನ ನನಗ, "ಘಾಬರೂ ನಕಾ ಮ್ಯಾಡಮ್, ಹೆದರಬ್ಯಾಡ್ರಿ" ಅಂತ ಧೈರ್ಯ ಹೇಳಿದ್ಲು. ಒಳಗ ಹೋದ್ಲು. ಒಂದೊಂದ ಕೋಲು ಬೀಳದಂಗ ದಾಟಿದ್ಲು. ಕಡೀ ಕೋಲು ಉಳದಿತ್ತು. ಅದು ಕೆಂಪು-ಬಿಳಿ. ಅಷ್ಟರಾಗ ಯಾರದೋ ಛತ್ರಿ ಪಟ್ ಅಂತ ಬಿಚ್ಚಿತು. ತಾರಾ ಕಿವಿ ನೆಟ್ಟಗ ಮಾಡಿದ್ಲು, ನಡಿಗಿ ಸಡ್ಲ ಬಿಟ್ಲು. ನಾ ಆ ಸಡ್ಲ ಗುರ್ತಾ ಹಿಡೀಲಿಲ್ಲಂದ್ರ ಮತ್ತ್ಯಾರ ಹಿಡೀಬೇಕು?

ಕಾಕಾ, ನಿಂದು ಆವಾಗ ಏನ ಆಗಿತ್ತು ಅಂತ ನನಗ ಅವತ್ತ ತಿಳೀತು. ಕೂಗೂದು ಬಾಯಿ ಅಲ್ಲ, ಅದು ಹೊಟ್ಟಿಯಿಂದ ಏಳತೈತಿ. ನಿಯಮ ಗೊತ್ತಿದ್ರೂ ಏಳತೈತಿ. ನಾ ಓಢಣಿ ತುದಿ ಬಾಯಾಗ ತುರಕಿಕೊಂಡ್ನಿ, ನೀ ರುಮಾಲು ತುರಕಿಕೊಂಡಿದ್ದಿಯಲಾ, ಹಂಗ. ಬಾಜೂಕ ಮೌಲಾಲಿ ನನ್ನ ತೋಳು ಗಟ್ಟಿ ಹಿಡದಿದ್ದ. ಆವಾಗ ಹಗ್ಗದ ಒಳಗಿಂದ, ಕುದರಿ ಮ್ಯಾಲಿಂದ, ಆ ಹುಡಗೀ ಧ್ವನಿ ಬಂತು. ಇಡೀ ಮೈದಾನಕ್ಕ ಕೇಳೂ ಹಂಗ, ಗಂಟಲ ಹರಿಯೂ ಹಂಗ: "ಗಾಡಿ ಹೋತು, ನಡಿ!"

ತಾರಾ ಎದ್ಲು. ಕೋಲು ಅಳ್ಳಾಡಲಿಲ್ಲ.

ಗಂಟಿ ಬಾರಿಸಲಿಲ್ಲ ಕಾಕಾ. ಯಾಕ ಬಾರಿಸ್ತಾರ? ಸವಾರಳು ತನ್ನ ಕುದರಿ ಜೊತಿ ಮಾತಾಡಿದ್ರ ಯಾವ ನಿಯಮಾನೂ ತಡಿಯಂಗಿಲ್ಲ. ಹೊರಗ ಬಂದ ಮ್ಯಾಲ ಒಬ್ಬ ತೀರ್ಪುಗಾರರು ನಕ್ಕೋಂತ, ಕುದರಿಗೆ ಏನಮ್ಮಾ ಮಂತ್ರಾ ಹೇಳಿದಿ ಅಂತ ಕೇಳಿದ್ರು. ಸಾನಿಕಾ ಟೊಪ್ಪಗಿ ತಗದು ಬೆವರು ಒರಸಿಕೊಂಡು, "ಮಂತ್ರಾ ಏನಿಲ್ಲ ಸರ್, ಖಾನಾಪುರದಾಗ ಕುದರಿಗೆ ಹಂಗ ಹೇಳ್ತಾರ" ಅಂದ್ಲು. ಕೇಳಿದ್ಯಾ? ಖಾನಾಪುರದಾಗ ಹಂಗ ಹೇಳ್ತಾರಂತ! ನಾ ಅಲ್ಲೇ ಕುದರಿ ಕೊಳ್ಳಿಗೆ ಬಿದ್ದು ಅತ್ನಿ. ಮೌಲಾಲಿನೂ ಅತ್ತ, ಕಣ್ಣಾಗ ಧೂಳು ಬಿತ್ತು ಅಂದ ಸುಳ್ಳಬುರಕ.

ಇನ್ನ ಸುದ್ದಿ. ನಿನ್ನೆ ತಿಳಿಸ್ಯಾರ. ಸಾನಿಕಾನ್ನ ದೇಶದ ಕಿರಿಯರ ತರಬೇತಿಗೆ ಆರಿಸ್ಯಾರ. ನಾನು, ನೀನು, ಚಂದ್ರ್ಯಾ ಅವತ್ತ ಯಾ ಬಾಗಲದ ತನಕ ಹೋಗಿ ಬಂದಿದ್ವಿ ನೋಡು, ಅಂಥಾದ ಬಾಗಲಾ. ಮುಂದ ಆಕಿ ಎಲ್ಲಿತನಕ ಹೋಗ್ತಾಳ ಯಾರಿಗೊತ್ತು? ಹೋಗದಿದ್ರೂ ಚಿಂತಿಲ್ಲ. ನನ್ನ ನೋಡು, ಒಲಿಂಪಿಕ್ಸಿಗೆ ಹೋಗಲಿಲ್ಲ, ಏನ ಕಡಿಮಿ ಆಗೇತಿ? ಇವತ್ತ ಸಂಜೀಕ ಹೊಲದಾಗ ಹುಡುಗೋರೆಲ್ಲಾ ಕೂಡಿ ಘಮೇಲಾ ಬೋರಲು ಹಾಕಿ ಆಕಿನ್ನ ನಿಂದ್ರಿಸಿದ್ವಿ. ಚಂದ್ರ್ಯಾನ ಗೆಜ್ಜಿಸರಾ ನನ್ನ ಕಡೆನ ಇತ್ತು, ಅದನ್ನ ಆಕಿ ಕೊಳ್ಳಾಗ ಹಾಕಿದ್ನಿ. ಹೊತ್ತು ಇನ್ನೂ ಮುಳುಗಿರಲಿಲ್ಲ. ಜನಗಣಮನ ನಾನ ಎತ್ತಿಕೊಂಡ್ನಿ, ರಾಗ ನಿನ್ನಂಗನ ಕೆಟ್ಟಿತು. ಹುಡಗಿ ನಗಲಿಲ್ಲ.

ಅವತ್ತ ಹಗ್ಗದ ಹೊರಗ ನಿಂತಿದ್ದ ನಿನ್ನ ಮಾತು ಈಗ ಒಳಗ ಹೋಗೇತಿ. ಇನ್ನ ಅದನ್ನ ಯಾರೂ ಹೊರಗ ಹಾಕೂ ಹಂಗಿಲ್ಲ. ಈಗರ ನನ್ನ ಮಾತು ನಂಬತಿ ಹೌದಲ್ಲೋ? ಆ ಕೆಂಪು-ಬಿಳಿ ಕೋಲು ಚಂದ್ರ್ಯಾ ಅವತ್ತ ದಾಟಿದ, ನಾನೂ ದಾಟಿದ್ನಿ. ಅದರ ಮುಂದ ನಿಂತಾಂವ ನೀ ಒಬ್ಬನ, ಇಷ್ಟ ವರ್ಷ. ನಿನಗ ಯಾರರ ಹೇಳಬೇಕಿತ್ತಲಾ, ನಾನ ಹೇಳ್ತೇನಿ.

ಗಾಡಿ ಹೋತು ಕಾಕಾ. ನಡಿ.

ನಿನ್ನ
ಪದ್ದಿ